ಗೃಹಸ್ಥರ ಗಮನಕ್ಕೆ: ಸಂತಾನಹರಣವಾದ ನಾಯಿಯ ಮೈಭಾರ

ಬಂಟ್ವಾಳದ ನೇತ್ರಾವತೀ ತೀರದಿಂದ ಬೆಳ್ತಂಗಡಿಯ ಘಟ್ಟದ ಬುಡದವರೆಗೆ, ಅಡಿಕೆಯ ತೋಟವುಳ್ಳ ಮನೆಗಳಲ್ಲಿ ಕಾವಲಿಗೊಂದು ನಾಯಿಯನ್ನು ಸಾಕುವುದು ವಾಡಿಕೆ. ಆದರೆ ಹೆಣ್ಣುಮರಿಯೆಂದರೆ ಬೇಡವೆನ್ನುವವರೇ ಹೆಚ್ಚು. ಮರಿಗಳನ್ನು ಗೋಣಿಯಲ್ಲಿ ತುಂಬಿ ಪೇಟೆಯ ಅಂಚಿನಲ್ಲಿ ಬಿಟ್ಟುಬರುವ ನಿರ್ದಯೆಯು ಇನ್ನೂ ನಿಂತಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿರೆಂದರೆ, "ಹಾಗೆ ಮಾಡಿಸಿದ ನಾಯಿಯು ಕೊಬ್ಬಿ ಸೋಮಾರಿಯಾಗುವುದು, ಕಾವಲಿಗೆ ಬಾರದು" ಎಂಬ ಉತ್ತರವು ಸಿದ್ಧವಾಗಿರುತ್ತದೆ. 2023ನೆಯ ಇಸವಿಯ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಯ ಸಂತಾನಹರಣದ ಹೊಣೆಯನ್ನು ಒಡೆಯನ ಮೇಲೆಯೇ ಹೊರಿಸಿರುವುದರಿಂದ, ಈ ಆಕ್ಷೇಪವನ್ನು ವಿಚಾರಿಸತಕ್ಕದ್ದು ಅವಶ್ಯ.

ಇದರಲ್ಲಿ ಅರ್ಧ ಸತ್ಯವುಂಟು. ಅಂಡಾಶಯಗಳನ್ನು ತೆಗೆದಮೇಲೆ, ಹಸಿವನ್ನು ಹತೋಟಿಯಲ್ಲಿಡುತ್ತಿದ್ದ ಅಂತಃಸ್ರಾವವು ಕುಗ್ಗುತ್ತದೆ. ಹಸಿವೋ ಹೆಚ್ಚುವುದು, ಶರೀರಕ್ಕೆ ಬೇಕಾದ ಆಹಾರವೋ ಕಡಮೆಯಾಗುವುದು. ಮೊದಲಿನಷ್ಟೇ ಉಣಿಸಿದರೂ ಮಿಕ್ಕದ್ದು ಮೇದಸ್ಸಾಗುತ್ತದೆ. ಆದುದರಿಂದ ನಾಯಿಯನ್ನು ಕೊಬ್ಬಿಸುವುದು ವೈದ್ಯನ ಶಸ್ತ್ರವಲ್ಲ, ಬಡಿಸುವ ಕೈ.

ಬೆಳೆದ ನಾಯಿಗಾದರೆ, ಗಾಯವು ಮಾಯುತ್ತಲೇ ಆಹಾರದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಇಳಿಸಬೇಕು. ಬೆಳೆಯುವ ಮರಿಯ ವಿಷಯದಲ್ಲಿ ಪಶುವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು. ಕಣ್ಣಳತೆಯನ್ನು ನಂಬದೆ ಒಂದೇ ಗೆರಟೆಯಿಂದ ಅಳೆದು, ಒಬ್ಬರೇ, ದಿನಕ್ಕೆ ಎರಡು ಸಲ ಹಾಕುವುದು ಉತ್ತಮ. ನಮ್ಮ ಕಡೆಯ ನಾಯಿಗಳಿಗೆ ಕುಚ್ಚಲಕ್ಕಿಯ ಅನ್ನವೇ ರಾಶಿಯಾಗಿ ಬೀಳುತ್ತದೆ. ಅಜ್ಜಿಯ ದೋಸೆ, ಮಕ್ಕಳ ಬಿಸ್ಕತ್ತು, ಹೋಳಿಗೆಯ ಚೂರು ಲೆಕ್ಕಕ್ಕೇ ಬರುವುದಿಲ್ಲ. ಅನ್ನವನ್ನು ಇಳಿಸಿ, ಮುಳ್ಳು ತೆಗೆದ ಬೇಯಿಸಿದ ಮೀನು ಅಥವಾ ಮೊಟ್ಟೆಯನ್ನೂ, ಉಪ್ಪುಖಾರವಿಲ್ಲದೆ ಬೇಯಿಸಿದ ಸೋರೆ, ಕುಂಬಳಗಳನ್ನೂ ಸೇರಿಸಬಹುದು. ಮೇದಸ್ವಿಗೆ ಹೊಟ್ಟೆಗೆ ಗುರುವಾಗಿಯೂ ಪುಷ್ಟಿಯಲ್ಲಿ ಅಲ್ಪವಾಗಿಯೂ ಇರುವ ಆಹಾರವನ್ನು ಚರಕಸಂಹಿತೆಯು ವಿಧಿಸಿದ್ದು ಮನುಷ್ಯರಿಗಾದರೂ, ಯುಕ್ತಿಯು ಇಲ್ಲಿಯೂ ಸಲ್ಲುತ್ತದೆ. ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿಗಳು ನಾಯಿಗೆ ವಿಷ. ಮೂಡುಬಿದಿರೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿಗಳನ್ನು ವರ್ಜಿಸಿದ ಜೈನಗೃಹಗಳಿಗೆ ಆ ಎರಡರ ಭಯವಿಲ್ಲ. ಆದರೆ ಅಲ್ಲಿ ಬರಿಯ ಅನ್ನ ಮೊಸರಿನಿಂದ ನಾಯಿಗೆ ಸಾಲದೆಂಬುದನ್ನು ಮರೆಯಬಾರದು.

ಪರೀಕ್ಷೆಯೂ ಸುಲಭವೇ. ಬೆರಳಾಡಿಸಿದಾಗ ಪಕ್ಕೆಲುಬುಗಳು ಒತ್ತದೆಯೇ ತಿಳಿಯಬೇಕು. ಮೇಲಿನಿಂದ ನೋಡಿದರೆ ನಡುವು ಕಾಣಬೇಕು. ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿಯೇ ತೂಗಬಹುದು. ಈಗಾಗಲೇ ಕೊಬ್ಬಿದ್ದರೆ, 20 ಕಿಲೋ ಭಾರದ ನಾಯಿಯು ವಾರಕ್ಕೆ 200ರಿಂದ 400 ಗ್ರಾಂ ಇಳಿದರೆ ಸಾಕು, ಉಪವಾಸ ಕೆಡವಕೂಡದು. ಹಗಲೆಲ್ಲಾ ಸರಪಳಿಯಲ್ಲಿರುವ ನಾಯಿಯನ್ನು ಬೆಳಗ್ಗೆ, ಸಂಜೆ ತಂಪುಹೊತ್ತಿನಲ್ಲಿ ತೋಟದ ಸುತ್ತ ನಡೆಸಬೇಕು. ಆಟಿಯ ಮಳೆಯಲ್ಲಿ ಜಗಲಿ ಬಿಟ್ಟು ಇಳಿಯದಿದ್ದರೆ ಗೆರಟೆಯ ಅಳತೆಯನ್ನೂ ಸ್ವಲ್ಪ ತಗ್ಗಿಸಬೇಕು. ಕಡಮೆ ಉಣಿಸಿದರೂ ಭಾರವೇರಿ ಕೂದಲುದುರಿದರೆ, ಇಲ್ಲವೆ ಹೊಟ್ಟೆಯು ಹಠಾತ್ತನೆ ಉಬ್ಬಿದರೆ, ಅದು ರೋಗವಿದ್ದೀತು, ವೈದ್ಯರಿಗೆ ತೋರಿಸಬೇಕು.

ಇಷ್ಟು ಶ್ರಮವೇತಕ್ಕೆಂದು ಕೇಳುವವರುಂಟು. 2002ರಲ್ಲಿ ಅಮೆರಿಕದಿಂದ ಪ್ರಕಟವಾದ ಪರಿಶೀಲನೆಯೊಂದರಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಜೋಡಿಯಲ್ಲೊಂದಕ್ಕೆ ಕಾಲುಭಾಗ ಕಡಮೆ ಉಣಿಸಿದರು. ಮಿತವಾಗಿ ಉಂಡವು ಸರಿಸುಮಾರಿಗೆ ಎರಡು ವರ್ಷ ಹೆಚ್ಚು ಬಾಳಿದವು. ಕೀಲುನೋವೂ ಅವುಗಳಿಗೆ ತಡವಾಗಿ ಬಂದಿತು. ಹತ್ತು ಹನ್ನೆರಡು ವರ್ಷದ ಆಯುಸ್ಸಿನಲ್ಲಿ ಎರಡು ವರ್ಷವೆಂದರೆ ಅಲ್ಪವೇ?

ನಾಯಿಯು ಬಹಳ ತಿನ್ನಬಲ್ಲುದಾದರೂ ಸ್ವಲ್ಪದಲ್ಲಿ ತೃಪ್ತಿಪಡುವುದೆಂದೂ ಅದನ್ನು ನೋಡಿ ಕಲಿಯಬೇಕೆಂದೂ ಚಾಣಕ್ಯನೀತಿಯು ಮನುಷ್ಯನಿಗೆ ಬೋಧಿಸುತ್ತದೆ. ಆ ತೃಪ್ತಿಯನ್ನು ಕೆಡಿಸದೆ ಉಳಿಸುವುದು ಮನೆಯವರ ಕೈಯಲ್ಲಿದೆ. ಅಳೆದು ಬಡಿಸುವ ಒಂದೊಂದು ಮನೆಯ ಚುರುಕಾದ ಹೆಣ್ಣುನಾಯಿಯೂ ನೆರೆಯವರ ಆಕ್ಷೇಪಕ್ಕೆ ಉತ್ತರವಾಗಲಿ. ಗೋಣಿಯೊಳಗಿನ ಮರಿಗಳ ಕೂಗು ನಮ್ಮ ಪೇಟೆಗಳಲ್ಲಿ ಅಡಗಲಿ ಎಂದು ವಾಚಕಮಹಾಶಯರಲ್ಲಿ ನಮ್ಮ ಬಿನ್ನಹ.