‘ಮರೆತುಬಿಡಿ’ ಎನ್ನುವ ಮುನ್ನ...

ಜೂನ್ ತಿಂಗಳು, ಹೆದ್ದಾರಿ, ಮಕ್ಕಳನ್ನು ತುಂಬಿಕೊಂಡ ಶಾಲಾ ವ್ಯಾನು. ಈ ಮೂರೂ ಒಟ್ಟಾದರೆ ನಮ್ಮ ಬೈಂದೂರು ಕಡೆಯ ತಾಯಂದಿರ ಎದೆ ಈಗಲೂ ಧಸಕ್ಕೆನ್ನುತ್ತದೆ. 2016ರ ಜೂನ್ 21ರಂದು ತ್ರಾಸಿ ಬಳಿಯ ಮೊವಾಡಿ ಕ್ರಾಸ್‌ನಲ್ಲಿ ಶಾಲಾ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು.

ಆ ದಿನ ಅದೇ ದಾರಿಯಲ್ಲಿದ್ದ ಅಕ್ಕ ಒಬ್ಬರು ನನಗೆ ಪರಿಚಯ. ತಿಂಗಳುಗಳು ಕಳೆದರೂ ಬಸ್ಸಿನ ಬ್ರೇಕ್ ಸದ್ದು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಬಿಟ್ಟುಬಿಡುತ್ತಿದ್ದರು. ‘ನಂಗ್ ಮರ್ಲ್ ಹಿಡಿತಾ ಎಂತ?’ ಅಂತ ಒಮ್ಮೆ ಕೇಳಿದರು. ‘ಹೋದ್ದ್ ಹೋಯ್ತ್, ಮರ್ತ್ ಬಿಡಿ ಅಕ್ಕ’ ಅಂದೆ. ಆಮೇಲೆ ಅವರು ನನ್ನ ಹತ್ತಿರ ಆ ಮಾತೇ ಎತ್ತಲಿಲ್ಲ. ಮರೆತಿದ್ದರಿಂದಲ್ಲ, ನಾನು ಅವರ ಬಾಯಿ ಮುಚ್ಚಿಸಿದ್ದರಿಂದ.

ಇದು ಮರುಳಲ್ಲ, ಗಾಳಿ ಸೋಕಿದ್ದೂ ಅಲ್ಲ. ಆಘಾತದ ಹೊತ್ತಿನಲ್ಲಿ ಮನಸ್ಸು ನಡೆದದ್ದನ್ನು ಕ್ರಮವಾಗಿ ಜೋಡಿಸಿಟ್ಟುಕೊಳ್ಳುವುದಿಲ್ಲ. ಸದ್ದು, ವಾಸನೆ, ಬಣ್ಣ ಚೂರುಚೂರಾಗಿ ಉಳಿಯುತ್ತವೆ. ಅದಕ್ಕೇ ನೆನಪು ಬಂದಾಗ ‘ಅಂದು ನಡೆದದ್ದು’ ಅನ್ನಿಸದೆ ‘ಈಗಲೇ ನಡೆಯುತ್ತಿದೆ’ ಅನ್ನಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ.

ಒತ್ತಾಯದಿಂದ ಮರೆಯಲು ಆಗುತ್ತದಾ? ಮರವಂತೆಯ ಕಡಲನ್ನು ಐದು ನಿಮಿಷ ನೆನೆಯಲೇಬಾರದು ಅಂದುಕೊಳ್ಳಿ ನೋಡುವಾ. ಕಣ್ಣೆದುರು ಅದೇ ಕಡಲು! ತಳ್ಳಿದಷ್ಟೂ ನೆನಪು ತಿರುಗಿ ಬರುತ್ತದೆ.

ಹಾಗಾದರೆ ಏನು ಮಾಡಬಹುದು? ಅವರಾಗಿ ಹೇಳಿದರೆ ಕೇಳಿ, ಕೆದಕಿ ಕೇಳಬೇಡಿ. ನೆನಪು ನುಗ್ಗಿ ಬಂದಾಗ ಹೆಸರು ಹಿಡಿದು ಮಾತಾಡಿಸಿ, ‘ಇದು ನಮ್ಮ ಮನೆ, ಇವತ್ತು ಇಂಥ ವಾರ’ ಎನ್ನಿ. ಪಾದ ನೆಲಕ್ಕೂರಲಿ, ತಣ್ಣೀರಲ್ಲಿ ಮುಖ ತೊಳೆಯಲಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತನ್ನಿಂದ ತಾನೇ ಹಗುರಾಗುತ್ತದೆ. ತಿಂಗಳು ದಾಟಿದರೂ ಕಾಡುತ್ತಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಮಾತಿನ ಚಿಕಿತ್ಸೆಯಿದೆ, ಬೇಕಾದರೆ ಮಾತ್ರೆಯೂ ಇದೆ. 2022ರಲ್ಲಿ ಶುರುವಾದ ಸರಕಾರದ ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ದೇವಸ್ಥಾನದಲ್ಲಿ ನೂಲು ಕಟ್ಟಿಸಿದರೆ ತಪ್ಪೇನಿಲ್ಲ. ಆದರೆ ಅದನ್ನೇ ನಂಬಿ ವೈದ್ಯರನ್ನು ಬಿಡಬೇಡಿ.

ಮೊನ್ನೆ ಆ ಅಕ್ಕನ ಮನೆಗೆ ಹೋಗಿ, ‘ಅವತ್ತ್ ನಾನ್ ಹಾಂಗ್ ಹೇಳೂಕಾಗ’ ಅಂದೆ. ಅಷ್ಟೇ ಸಾಕಾಯಿತು. ಅವರು ಮಾತಾಡುತ್ತಾ ಹೋದರು, ನಾನು ಸುಮ್ಮನೆ ಕೇಳಿದೆ. ಲೋಟದ ಚಾ ಆರಿಹೋಯಿತು. ಇದನ್ನು ನಾನು ಆಗಲೇ ಮಾಡಬಹುದಿತ್ತು. ನೀವು ತಡಮಾಡಬೇಡಿ.