ಗೋಡೆಯ ಮೇಲಿನ ಪಾಸ್‌ವರ್ಡ್

ನಮ್ಮ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿರುವ ಪಾಸ್‌ವರ್ಡ್ ನಮಗೆಲ್ಲ ಬಾಯಿಪಾಠ. ಹೋದ ವರ್ಷ ಪಾಸಾಗಿ ಹೋದವರಿಗೂ ಗೊತ್ತು. ಕಳೆದ ತಿಂಗಳು ಯಾರೋ ಲ್ಯಾಬಿನಲ್ಲಿ ನೋಡಬಾರದ್ದನ್ನು ನೋಡಿದರು. ಯಾರೆಂದು ತಿಳಿಯಲಿಲ್ಲ. ಅಂದು ಕೊನೆಗೆ ಹೊರಬಂದವನು ನನ್ನ ಗೆಳೆಯ. ಅನುಮಾನ ಅವನ ಮೇಲೆ ಬಿತ್ತು. "ನಾನಲ್ಲ" ಎಂದ. ಆದರೆ ತೋರಿಸಲು ಅವನ ಬಳಿ ಏನೂ ಇರಲಿಲ್ಲ. ಎರಡು ವಾರ ಎಲ್ಲರಿಗೂ ಇಂಟರ್ನೆಟ್ ಬಂದ್ ಆಯಿತು. ವಿದ್ಯಾರ್ಥಿವೇತನದ ಅರ್ಜಿ ತುಂಬುವವರು ಹೊರಗಿನ ಅಂಗಡಿಗೆ ದುಡ್ಡು ಕೊಟ್ಟರು. ಗೆಳೆಯ ಈಗಲೂ ಲ್ಯಾಬಿಗೆ ಬರುವುದಿಲ್ಲ.

ತಪ್ಪು ಮಾಡಿದವನದು ತಪ್ಪೇ. ಆದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ನವಲಗುಂದದಲ್ಲಿ ನಮ್ಮ ಅಬ್ಬಾ ಅವರ ಕಿರಾಣಿ ಅಂಗಡಿ ಇದೆ. ಉದ್ರಿ ಪುಸ್ತಕದಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಹಾಳೆ. ಎಲ್ಲರ ಉದ್ರಿಯನ್ನೂ ಒಂದೇ ಹೆಸರಿನಲ್ಲಿ ಬರೆದರೆ ಕೊಡಬೇಕಾದವನು ತಪ್ಪಿಸಿಕೊಳ್ಳುತ್ತಾನೆ, ಕೊಟ್ಟು ತೀರಿಸಿದವನು ಸಿಕ್ಕಿಬೀಳುತ್ತಾನೆ.

ಲ್ಯಾಬಿನ ಸ್ವಿಚ್ ರಿಪೇರಿಗೆ ಹುಬ್ಬಳ್ಳಿಯಿಂದ ಬಂದಿದ್ದ ಅಣ್ಣನನ್ನು ಇದಕ್ಕೇನು ದಾರಿ ಎಂದು ಕೇಳಿದೆ. ಅವರು ರೇಡಿಯಸ್ ಎಂಬ ವ್ಯವಸ್ಥೆ ತೋರಿಸಿದರು. ಎಲ್ಲರ ಹೆಸರು, ಪಾಸ್‌ವರ್ಡ್ ಒಂದು ಸರ್ವರ್‌ನಲ್ಲಿ ಇರುತ್ತವೆ. ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಆ ಸರ್ವರ್‌ನ ಐಪಿ ವಿಳಾಸ, ಪೋರ್ಟ್ ಸಂಖ್ಯೆ 1812 ಮತ್ತು ಇಬ್ಬರ ನಡುವಿನ ಒಂದು ಗುಟ್ಟಿನ ಕೀಲಿಪದ ಬರೆಯಬೇಕು. ನಾವು ಲಾಗಿನ್ ಆದಾಗ ಸ್ವಿಚ್ ತಾನೇ ತೀರ್ಮಾನಿಸದೆ ಸರ್ವರ್‌ನ್ನು ಕೇಳುತ್ತದೆ. ಅದು ಹೂಂ ಎಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂಬ ಲೆಕ್ಕ ಪೋರ್ಟ್ 1813ಕ್ಕೆ ಹೋಗುತ್ತದೆ. ಈ ಕೆಲಸದ ಹೆಸರೇ ಅಕೌಂಟಿಂಗ್! ಕಾಮರ್ಸ್‌ನವರಾದ ನಮಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕೆ?

ಖರ್ಚಿನ ಮಾತು ಬರುತ್ತದೆ. ಫ್ರೀರೇಡಿಯಸ್ ಎಂಬ ಸಾಫ್ಟ್‌ವೇರ್ ಉಚಿತ. ನಮ್ಮಷ್ಟು ಮಂದಿಗೆ ಒಂದು ಹಳೆಯ ಕಂಪ್ಯೂಟರ್ ಸಾಕು. ಸ್ವಿಚ್‌ನಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲು ನೋಡಬೇಕು, ಅಷ್ಟೇ. ಸರ್ವರ್ ಕೆಟ್ಟರೆ? ಸ್ವಿಚ್‌ನಲ್ಲೇ ಒಂದು ತುರ್ತು ಖಾತೆ ಇಟ್ಟು, ಅದರ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಪ್ರಾಂಶುಪಾಲರಿಗೆ ಕೊಡಬಹುದು.

"ಹಾಗಾದರೆ ನಮ್ಮ ಮೇಲೆ ಕಣ್ಣಿಡುತ್ತಾರೆ" ಎಂದು ಕೆಲವು ಗೆಳತಿಯರು ಹೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಈ ಲೆಕ್ಕದಲ್ಲಿ ನಾವು ಏನು ಓದಿದೆವು, ಏನು ಬರೆದೆವು ಎಂಬುದು ಇರುವುದಿಲ್ಲ. ಆದರೂ ಅದನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕು ಎಂಬುದನ್ನು ಮೊದಲೇ ಬರೆದು ಸೂಚನಾ ಫಲಕಕ್ಕೆ ಹಾಕಬೇಕು.

ನಮ್ಮ ಮೇಲೂ ಹೊಣೆ ಇದೆ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದಲ್ಲಿ ಅಮಾನತು ಎಂದರೆ ಏನೆಂದು ನಿಮಗೆಲ್ಲ ಗೊತ್ತು. ಪಾಸ್‌ವರ್ಡ್ ಮೊದಲನೆಯದು. ಅದನ್ನು ಗೆಳೆಯನಿಗೆ ಕೊಟ್ಟವನಿಗೆ ಎರಡನೆಯದೂ ಸಿಗಬಹುದು!

ಮುಂದಿನ ಜೂನ್‌ನಲ್ಲಿ ಹೊಸಬರು ಬರುವ ಮೊದಲೇ ಆ ಚೀಟಿ ತೆಗೆಯಿರಿ ಎಂದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಅಂದು ನನ್ನ ಗೆಳೆಯನ ಹೆಸರಿನಲ್ಲಿ ಒಂದು ಹಾಳೆ ಇದ್ದಿದ್ದರೆ, ಅವನು ಈಗಲೂ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದ.