ಡಾರ್ಕ್ ವೆಬ್ ಮತ್ತು ವರ್ತಕರ ಬೀಗದ ಕೈ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಅಕ್ಕಿ ಗಿರಣಿಯ ಬಿಲ್ಲಿನಿಂದ ಹಿಡಿದು ಆರ್.ಎಚ್. ಕ್ಯಾಂಪಿನ ಕಿರಾಣಿ ಅಂಗಡಿಯ ಚಿಲ್ಲರೆ ಪಾವತಿಯವರೆಗೆ ವ್ಯವಹಾರವು ಇಂದು ಗಣಕಯಂತ್ರ ಮತ್ತು ಮೊಬೈಲನ್ನು ನೆಚ್ಚಿಕೊಂಡಿದೆ. ಆದರೂ ಡಾರ್ಕ್ ವೆಬ್ ಎಂದೊಡನೆ ಅದು ಮಹಾನಗರದ ಪುಂಡರ ಸಂಗತಿ, ತಮಗೆ ಸಂಬಂಧಿಸಿದ್ದಲ್ಲ ಎಂಬ ಉದಾಸೀನ ವರ್ತಕ ಬಾಂಧವರಲ್ಲಿ ಕಂಡುಬರುತ್ತದೆ. ಈ ಉದಾಸೀನ ದುಬಾರಿಯಾದುದು. ವರ್ತಕನು ಅಲ್ಲಿಗೆ ಕಾಲಿಡದಿದ್ದರೂ ಅವನ ಪಾಸ್‌ವರ್ಡ್ ಅಲ್ಲಿ ಮಾರಾಟಕ್ಕೆ ಬಿದ್ದಿರಬಹುದು.

ಸಾಮಾನ್ಯ ಶೋಧಕ್ಕೆ ಸಿಗದ, ಟಾರ್‌ನಂತಹ ವಿಶೇಷ ತಂತ್ರಾಂಶದಿಂದ ಮಾತ್ರ ತೆರೆಯುವ ಅಂತರಜಾಲದ ಭಾಗವೇ ಡಾರ್ಕ್ ವೆಬ್. ಟಾರ್‌ನ ಮೂಲ ತಂತ್ರವು 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಅದನ್ನು ಬಳಸುವುದೇ ಅಪರಾಧವಲ್ಲ. ಅಲ್ಲಿ ಕೊಳ್ಳುವ ಸರಕು ಅಪರಾಧವಾಗಬಹುದು.

ಕರ್ನಾಟಕದ ಅನುಭವವೇ ಕಣ್ಣು ತೆರೆಸುವಂತಿದೆ. 2020ರ ನವೆಂಬರಿನಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು, ಡಾರ್ಕ್ ವೆಬ್‌ನಲ್ಲಿ ಬಿಟ್‌ಕಾಯಿನ್ ಕೊಟ್ಟು ಮಾದಕ ವಸ್ತು ತರಿಸಿದ ಪ್ರಕರಣದಲ್ಲಿ ಯುವಕನೊಬ್ಬನನ್ನು ಬಂಧಿಸಿದರು. 2019ರಲ್ಲಿ ರಾಜ್ಯದ ಇ-ಸಂಗ್ರಹಣಾ ಜಾಲತಾಣಕ್ಕೆ ಕನ್ನ ಹಾಕಿ 11 ಕೋಟಿ ರೂಪಾಯಿಗೂ ಮಿಕ್ಕಿದ ಹಣ ಲಪಟಾಯಿಸಿದ ಆರೋಪವೂ ಅವನ ಮೇಲೆ ಬಂದಿತು. ಅದು ಟೆಂಡರುದಾರರು ಕಟ್ಟಿದ್ದ ಠೇವಣಿ ಹಣ. ಮಾದಕ ವಸ್ತುವಿನ ಸುದ್ದಿಯನ್ನು ಬದಿಗಿಟ್ಟು ಓದಿದ ಗುತ್ತಿಗೆದಾರರೂ ಈ ಠೇವಣಿಯ ಸುದ್ದಿಗೆ ಬೆಚ್ಚಿರಬೇಕು. ಅದೇ 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಡಾರ್ಕ್ ವೆಬ್‌ನಲ್ಲಿ 40,000 ಡಾಲರಿಗೆ ಮಾರಾಟಕ್ಕಿವೆ ಎಂದು ಸೈಬರ್ ಭದ್ರತಾ ಸಂಸ್ಥೆಯೊಂದು ಬಹಿರಂಗಪಡಿಸಿತು.

ಸಣ್ಣ ವರ್ತಕನ ಮಾಹಿತಿ ಸೋರುವ ದಾರಿ ಇನ್ನೂ ಸರಳ. ನಾಲ್ಕು ಕಾಸು ಉಳಿಸಲು ಲೆಕ್ಕಪತ್ರದ ತಂತ್ರಾಂಶದ ಕಳ್ಳಪ್ರತಿಯನ್ನು ಹಾಕಿಸಿಕೊಂಡಾಗ, ಅದರೊಳಗೆ ಅಡಗಿ ಬರುವ ಕಳ್ಳ ತಂತ್ರಾಂಶವು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಬಾಚಿ ಹೊರಗೆ ಕಳುಹಿಸಬಲ್ಲದು. ಇಂತಹ ಸರಕನ್ನೇ ಮಾರುತ್ತಿದ್ದ ಜೆನಿಸಿಸ್ ಮಾರ್ಕೆಟ್ ಎಂಬ ತಾಣವನ್ನು 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಮುಚ್ಚಿಸಿದರು. ಒಂದು ತಾಣ ಮುಚ್ಚಿದರೆ ವ್ಯಾಪಾರ ನಿಲ್ಲುವುದಿಲ್ಲವೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ಮಾತಲ್ಲ. ಡಿಜಿಟಲ್ ಸಹಿಯ ಟೋಕನನ್ನೂ ಜಿ.ಎಸ್.ಟಿ. ಪಾಸ್‌ವರ್ಡನ್ನೂ ತೆರಿಗೆ ಸಲಹೆಗಾರರ ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಬಿಡುವ ರೂಢಿಯೂ ಇದೆ. ತಿಜೋರಿಯ ಬೀಗದ ಕೈಯನ್ನು ಹಾಗೆ ಬಿಡುವವರು ಯಾರಿದ್ದಾರೆ?

ಹಾಗೆಂದು, ತಮ್ಮ ಮಾಹಿತಿ ಸೋರಿದೆಯೇ ಎಂದು ನೋಡಲು ಸ್ವತಃ ಡಾರ್ಕ್ ವೆಬ್ ಹೊಕ್ಕುವುದು ಅವಿವೇಕ. ಟಾರ್ ಗುರುತನ್ನು ಮರೆಮಾಚಬಹುದೇ ಹೊರತು ಇಳಿಸಿಕೊಂಡ ಕಡತದಲ್ಲಿನ ವೈರಸ್ಸನ್ನು ತಡೆಯದು. ಅಂಗಡಿಯ ಲೆಕ್ಕವಿರುವ ಗಣಕದಲ್ಲಿ ಮನೆಯ ಹುಡುಗರು ಕುತೂಹಲಕ್ಕೆ ಈ ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ಅಗ್ಗಕ್ಕೆ ಸಿಗುವ ಗ್ರಾಹಕರ ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಕೊಳ್ಳುವ ಆಸೆಯನ್ನೂ ಬಿಡಬೇಕು. ಕದ್ದ ಮಾಲೆಂದು ತಿಳಿದೂ ಕೊಂಡವನು ಕಾನೂನಿನ ಕೈಗೆ ಸಿಕ್ಕಿಬೀಳುತ್ತಾನೆ.

ಬ್ಯಾಂಕು, ಇ-ಮೇಲ್, ಜಿ.ಎಸ್.ಟಿ. ಪ್ರತಿಯೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್, ಎರಡು ಹಂತದ ದೃಢೀಕರಣ, ಜಾಲಕ್ಕೆ ಜೋಡಿಸದೆ ಪ್ರತ್ಯೇಕವಾಗಿ ಇಟ್ಟ ಡಿಸ್ಕಿನಲ್ಲಿ ವಾರಕ್ಕೊಮ್ಮೆ ಲೆಕ್ಕದ ಪ್ರತಿ: ಇಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ. ಹಣ ಹೋದರೆ ಮಾನ ಹೋದೀತೆಂದು ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಯಲು ಇರುವ ಅವಕಾಶ ಕೆಲವೇ ಗಂಟೆಗಳದು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ವರ್ತಕ ಸಂಘಗಳು ಕೂಡಿ ನುರಿತ ತಂತ್ರಜ್ಞರೊಬ್ಬರನ್ನು ಗೊತ್ತುಮಾಡಿ, ಭತ್ತದ ಸುಗ್ಗಿಯ ಪಾವತಿಗಳು ಆರಂಭವಾಗುವ ಮುನ್ನವೇ ಸದಸ್ಯರ ಗಣಕಯಂತ್ರಗಳನ್ನು ತಪಾಸಣೆ ಮಾಡಿಸುವುದು ಸಾಧ್ಯವಿದೆ.